ಕೂಸಿನ ಪಕ್ಕ ಸುಮ್ನೆ ಕೂಡಿ

ಎಲ್ಲರಿಗೂ ನಮಸ್ಕಾರ.

ವೇದಿಕೆಯವರು ಕರೆದಾಗ "ಸಿಸ್ಟರ್, ಹಿರಿಯರ ಆರೋಗ್ಯದ ಬಗ್ಗೆ ಏನಾದರೂ ಹೇಳಿ" ಅಂದರು. ಬಿಪಿ, ಸಕ್ಕರೆ, ಮಂಡಿನೋವಿನ ಬಗ್ಗೆ ನಿಮಗೆ ನನಗಿಂತ ಜಾಸ್ತಿ ಗೊತ್ತು. ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ, ಎಲ್ಲ ನಿಮ್ಮ ಬಾಯಲ್ಲೇ ಇದೆ. ನಾನು ಕೆಲಸ ಮಾಡಿದ್ದು ನವಜಾತ ಶಿಶುಗಳ ವಾರ್ಡಿನಲ್ಲಿ. ಹಿರಿಯರ ಸಭೆಯಲ್ಲಿ ಎಳೆಕೂಸಿನ ಮಾತಾಡಿದರೆ ನಡೆಯುತ್ತದಾ ಅಂತ ಕೇಳಿದೆ. ಅಧ್ಯಕ್ಷರು ತಕ್ಷಣ ಒಪ್ಪಿದರು. ಅವರ ಮನೆಯಲ್ಲಿ ಈಗ ಮೊಮ್ಮಗಳು ಬಂದಿದ್ದಾಳೆ ಅಂತ ಆಮೇಲೆ ಗೊತ್ತಾಯಿತು.

ಸಮಯವೂ ಕೂಡಿಬಂದಿದೆ. ನವೆಂಬರ್ 17 ಅವಧಿಗೆ ಮುಂಚೆ ಹುಟ್ಟುವ ಮಕ್ಕಳ ದಿನ. 37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಪೂರ್ವ ಅನ್ನುತ್ತೇವೆ. 2020ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಅಂಥ ಮಕ್ಕಳು ಸುಮಾರು 30 ಲಕ್ಷ. ಜಗತ್ತಿನ ಯಾವ ದೇಶದಲ್ಲೂ ಇಷ್ಟಿಲ್ಲ. ನನ್ನ ಕೈಗೆ ಬಂದ ಕೂಸುಗಳಲ್ಲಿ ಜಾಸ್ತಿ ಇಂಥವೇ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಕೂಸಿನ ಜೊತೆ ಸುಮ್ಮನೆ ಕೂಡುವುದು ಕೆಲಸ. ಅಡುಗೆ ಮಾಡುವುದು ಹೇಗೆ ಕೆಲಸವೋ ಹಾಗೆ. ಅದಕ್ಕೆ ಮನೆಯಲ್ಲಿ ಒಬ್ಬರನ್ನು ಬಿಡಬೇಕು, ಅದಕ್ಕೆ ಸಮಯ ಕೊಡಬೇಕು, ಮಾಡಿದವರಿಗೆ ಮರ್ಯಾದೆ ಕೊಡಬೇಕು. ಮತ್ತು ಆ ಕೆಲಸ ಮಾಡಿದವರಿಗೆ ಸಿಗುವ ನೆಮ್ಮದಿ ಇದೆಯಲ್ಲ, ಅದು ಬೇರೆ ಎಲ್ಲೂ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಇದನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಡೆ ಬಾಣಂತನ ಹೇಗೆ ನಡೆಯುತ್ತದೆ ನೋಡಿ. ಕೂಸು ಬಂತೆಂದರೆ ಮನೆತುಂಬ ಓಡಾಟ. ಒಬ್ಬರು ಎರೆಯೋಕೆ ನೀರು ಕಾಯಿಸಬೇಕು. ಒಬ್ಬರು ಅಂಟಿನುಂಡಿ ಕಟ್ಟಬೇಕು. ಲಂಗೋಟಿ ಒಗೆಯಬೇಕು, ಮಳೆ ಇದ್ದರೆ ಅವನ್ನು ಇಸ್ತ್ರಿ ಹಾಕಿ ಒಣಗಿಸಬೇಕು. ಕೂಸನ್ನು ನೋಡೋಕೆ ಬಂದವರಿಗೆ ಚಹಾ ಮಾಡಬೇಕು. ಈ ಗದ್ದಲದಲ್ಲಿ ಯಾರಾದರೂ ಕೂಸಿನ ಪಕ್ಕ ಸುಮ್ಮನೆ ಕೂತಿದ್ದರೆ ಒಳಗಿನಿಂದ ಕೂಗು ಬರುತ್ತದೆ: "ಅಲ್ಲೇನ್ ಕುಂತೀ, ಬಾ ಇಲ್ಲೆ, ಕೊತ್ತಂಬರಿ ಸೋಸು." ಕೂತವಳು ಏಳುತ್ತಾಳೆ. ಎದ್ದಾಗ ಮುಖದಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವರ ಭಾವ. ನಾನು ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ.

ಹಳೆಯ ಕ್ರಮದಲ್ಲಿ ಸುಮ್ಮನೆ ಕೂಡುವುದಕ್ಕೂ ಒಂದು ಜಾಗ ಇತ್ತು. ಎರೆಯುವ ಅಜ್ಜಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಆಮೇಲೆ ಒರೆಸಿ, ಬಟ್ಟೆಯಲ್ಲಿ ಸುತ್ತಿ, ನಿದ್ದೆ ಹತ್ತುವವರೆಗೆ ತೊಡೆಯ ಮೇಲೇ ಇಟ್ಟುಕೊಳ್ಳುತ್ತಿದ್ದಳು. ಆಗ ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ. ಬಾಗಿಲು ಮುಂದಕ್ಕೆ ಮಾಡಿರುತ್ತಿತ್ತು. ಹಳೆಯದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಲೋಬಾನದ ಹೊಗೆ ಹಾಕುತ್ತಿದ್ದರಲ್ಲ, ಅದು ಬೇಡ, ಆ ಪುಟ್ಟ ಪುಪ್ಪುಸಕ್ಕೆ ಹೊಗೆ ಕೆಟ್ಟದ್ದು. ಮೂಗಿಗೆ, ಕಿವಿಗೆ ಎಣ್ಣೆ ಹನಿಸುವುದೂ ಬೇಡ. ಆದರೆ ಎರೆದ ಮೇಲಿನ ಆ ಮುಕ್ಕಾಲು ತಾಸು ಇತ್ತಲ್ಲ, ಅದನ್ನು ಮಾತ್ರ ನಾವು ಕಳೆದುಕೊಳ್ಳಬಾರದಿತ್ತು.

ಈಗ ನನಗೆ ತುಂಬ ಇಷ್ಟವಾದ ಒಂದು ಸಂಗತಿ. ನನ್ನ ಜೊತೆ ಕೆಲಸ ಮಾಡಿದವರು ಇದನ್ನು ಹಲವು ಸಲ ಕೇಳಿದ್ದಾರೆ. ಹಿಂದಿನ ಸಾಲಿನಲ್ಲಿ ಇಬ್ಬರು ಕೂತಿದ್ದಾರೆ, ಆಗಲೇ ನಗುತ್ತಿದ್ದಾರೆ.

ಮೊದಲು ಹಿನ್ನೆಲೆ ಎರಡು ಮಾತಲ್ಲಿ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಬಡವರ ಒಂದು ದೊಡ್ಡ ಹೆರಿಗೆ ಆಸ್ಪತ್ರೆ. 1978ರ ಹೊತ್ತಿಗೆ ಅಲ್ಲಿ ಇನ್‌ಕ್ಯುಬೇಟರ್, ಅಂದರೆ ಎಳೆಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ, ಸಾಲುತ್ತಿರಲಿಲ್ಲ. ಒಂದರಲ್ಲೇ ಎರಡು ಮೂರು ಕೂಸು ಇಡುತ್ತಿದ್ದರು. ಒಂದಕ್ಕೆ ಸೋಂಕು ಬಂದರೆ ಪಕ್ಕದ್ದಕ್ಕೂ ಬರುತ್ತಿತ್ತು. ಡಾಕ್ಟರ್ ಎಡ್ಗರ್ ರೇ ಮತ್ತು ಆಮೇಲೆ ಅವರ ಜೊತೆಯಾದ ಡಾಕ್ಟರ್ ಹೆಕ್ಟರ್ ಮಾರ್ಟಿನೆಜ್ ಒಂದು ದಾರಿ ಹುಡುಕಿದರು. ಕೂಸನ್ನು ತಾಯಿಯ ಬರೀ ಎದೆಗೆ ಒರಗಿಸಿ ಕಟ್ಟಿಬಿಡಿ. ಬೆಚ್ಚಗಿರುತ್ತದೆ, ಹಾಲು ಹತ್ತಿರ ಇರುತ್ತದೆ. ಕಾಂಗರೂ ತನ್ನ ಚೀಲದಲ್ಲಿ ಮರಿ ಇಟ್ಟುಕೊಂಡು ಸಾಕುತ್ತದಲ್ಲ, ಅದರಿಂದ ಕಾಂಗರೂ ಆರೈಕೆ ಅಂತ ಹೆಸರು ಬಂತು. ಇಂಗ್ಲಿಷಿನಲ್ಲಿ ಕಾಂಗರೂ ಮದರ್ ಕೇರ್, ನಾವು ವಾರ್ಡಿನಲ್ಲಿ ಕೆಎಂಸಿ ಅನ್ನುತ್ತೇವೆ.

ಅಂದರೆ ಇದು ಇಲ್ಲದಿರುವಿಕೆಯಿಂದ ಹುಟ್ಟಿದ ಉಪಾಯ. ಮಷೀನು ಇಲ್ಲ, ಮನುಷ್ಯರಿದ್ದಾರೆ. ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ಚಳಿಗಾಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಗಿತ್ತು. ಅಲ್ಲಿನ ಮಾರುಕಟ್ಟೆ ಎಂಥದ್ದು ಅಂತ ನಿಮಗೆ ಗೊತ್ತು, ಬಸ್ಸಿನ ಕಿಟಕಿ ಮುಚ್ಚಿದರೂ ಘಾಟು ಬರುತ್ತದೆ. ಅಲ್ಲಿ ಹಮಾಲಿ ಮಾಡುವ ಒಬ್ಬ ಹುಡುಗ. ಹೆಂಡತಿಗೆ ತಿಂಗಳು ತುಂಬುವ ಮೊದಲೇ ಬಿಪಿ ಏರಿ ಫಿಟ್ಸ್ ಬಂತು. ಆಪರೇಷನ್ ಮಾಡಿ ಕೂಸು ತೆಗೆದರು. ಹೆಣ್ಣು ಕೂಸು, 1 ಕಿಲೋ 400 ಗ್ರಾಂ. ತಾಯಿ ಐಸಿಯುದಲ್ಲಿ, ಕೂಸು ನಮ್ಮಲ್ಲಿ. ಎರಡು ದಿನ ಆಕ್ಸಿಜನ್ ಕೊಟ್ಟೆವು. ಮೂರನೇ ದಿನ ಅದು ತಾನೇ ಉಸಿರಾಡತೊಡಗಿತು. ಕೆಎಂಸಿ ಶುರು ಮಾಡಬಹುದು ಅಂತ ಡಾಕ್ಟರ್ ಹೇಳಿದರು. ಮಾಡೋಕೆ ತಾಯಿ ಎಲ್ಲಿದ್ದಾಳೆ? ಅಪ್ಪ ಮಾಡಲಿ ಅಂದೆ.

ಅಪ್ಪನನ್ನು ಕರೆಸಿದೆ. ಅವನು ವಾರ್ಡಿನ ಬಾಗಿಲಿಗೆ ಬಂದ, ನಮಗೆಲ್ಲ ಸೀನು. ಅಂಗಿ, ಕೂದಲು, ಕೈ, ಎಲ್ಲ ಮೆಣಸಿನಕಾಯಿ. "ಮೊದಲು ಸ್ನಾನ ಮಾಡಿ ಬಾರಪ್ಪಾ, ಎರಡು ಸಲ ಸೋಪು ಹಚ್ಚು" ಅಂದೆ. ಹಿಂದಿನ ನಲ್ಲಿಯಲ್ಲಿ, ಆ ಚಳಿಯಲ್ಲಿ, ತಣ್ಣೀರು ಸ್ನಾನ ಮಾಡಿ ಬಂದ. ನಡುಗುತ್ತಿದ್ದ. ನಡುಗುವ ಮೈಗೆ ಕೂಸು ಕೊಡುವುದು ಹೇಗೆ? ಕಂಬಳಿ ಹೊದಿಸಿ, ಚಹಾ ಕೊಟ್ಟು, ಮೈ ಬಿಸಿಯಾಗುವ ತನಕ ಕೂಡಿಸಿದೆವು. ಅಷ್ಟರಲ್ಲಿ ಅವನ ಅತ್ತೆ ಬಂದರು. ನೋಡಿ, ಕೇಳಿ, ಗಲ್ಲದ ಮೇಲೆ ಕೈ ಇಟ್ಟುಕೊಂಡರು. "ಗಂಡಸು ಅಂಗಿ ತಗದು ಕೂಸಿನ್ನ ಎದಿಗೆ ಕಟ್ಕೊಂಡು ಕೂಡೋದಂದ್ರ ಏನ್ರವಾ ಇದು?"

ಹುಡುಗನಿಗೂ ನಾಚಿಕೆ. "ಸಿಸ್ಟರ್, ನಾ ಏನ್ ಮಾಡ್ಬೇಕ್ರಿ?" ಅಂದ.

"ಏನೂ ಮಾಡಬ್ಯಾಡಪ್ಪಾ. ಸುಮ್ನ ಕೂಡು."

"ಮತ್ತ?"

"ಮತ್ತೇನಿಲ್ಲ. ಕೂಡೋದಷ್ಟ."

"ಎಷ್ಟೊತ್ತು?"

"ಒಂದು ತಾಸು."

"ಒಂದ್ ತಾಸಿನ್ಯಾಗ ಅರ್ಧ ಲಾರಿ ತುಂಬ್ತೀನ್ರಿ ನಾ!"

ಇದೇ ನೋಡಿ ನಾನು ಹೇಳುತ್ತಿರುವುದು. ಅವನ ಪ್ರಕಾರ ತಾಸು ಅಂದರೆ ಎಷ್ಟು ಚೀಲ ಹೊತ್ತೆ ಅನ್ನುವುದು. ನಮ್ಮ ನಿಮ್ಮ ಲೆಕ್ಕವೂ ಹಾಗೇ ಇದೆ, ಚೀಲ ಬೇರೆ ಅಷ್ಟೇ. ಒಂದು ತಾಸು ಯಾಕೆ ಅಂತ ಹೇಳುತ್ತೇನೆ. ಎಳೆಕೂಸಿನ ನಿದ್ದೆಯ ಒಂದು ಸುತ್ತು ಮುಗಿಯೋಕೆ ಸುಮಾರು ಅಷ್ಟು ಹೊತ್ತು ಬೇಕು. ನಡುವೆ ಎತ್ತಿ ಇಳಿಸಿ ಮಾಡಿದರೆ ಅದಕ್ಕೆ ಸುಸ್ತು. ಅದಕ್ಕೇ ಒಂದು ಸಲ ಕೂತರೆ ತಾಸಿಗಿಂತ ಕಡಿಮೆ ಬೇಡ ಅನ್ನುತ್ತೇವೆ.

ಕೂಡಿಸಿದೆವು. ಕೂಸಿಗೆ ಕುಲಾವಿ, ಕಾಲುಚೀಲ, ಲಂಗೋಟಿ, ಅಷ್ಟೇ. ಎದೆಯ ನಡುವೆ ನೆಟ್ಟಗೆ ಇಟ್ಟು, ತಲೆ ಒಂದು ಪಕ್ಕಕ್ಕೆ ಹೊರಳಿಸಿ, ಕತ್ತು ಮಡಚದ ಹಾಗೆ ನೋಡಿಕೊಂಡು, ಕಾಲು ಅಗಲಿಸಿ ಮಡಚಿ, ಮೇಲಿಂದ ಮೆತ್ತನೆ ಬಟ್ಟೆ ಸುತ್ತಿ ಕಟ್ಟಿದೆವು. ಆ ಹುಡುಗ ಉಸಿರೇ ಬಿಡುತ್ತಿಲ್ಲ! ಕ್ವಿಂಟಲ್ ಗಟ್ಟಲೆ ಎತ್ತುವ ಭುಜ ಅದು, ಒಂದೂವರೆ ಕಿಲೋ ಇಲ್ಲದ ಕೂಸಿಗೆ ಹೆದರಿ ಬಿಗಿಯಾಗಿಬಿಟ್ಟಿತ್ತು. "ಉಸಿರಾಡಪ್ಪಾ, ನಿನ್ನ ಉಸಿರು ಕೇಳಿ ಅದು ಉಸಿರಾಡಬೇಕು" ಅಂದೆ. ಮಾನಿಟರ್ ಕಡೆಯೇ ನೋಡುತ್ತಿದ್ದ. ಆಕ್ಸಿಜನ್ ಸಂಖ್ಯೆ 92 ಆದರೆ ಗಾಬರಿ, 95 ಆದರೆ ನಗು. ಅವನ ಕಣ್ಣಿಗೆ ಕಾಣದ ಹಾಗೆ ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. "ಅದನ್ನು ನಾನು ನೋಡ್ತೀನಿ, ನೀನು ಕೂಸು ನೋಡು."

ಹತ್ತು ನಿಮಿಷ ಆಗಿರಬಹುದು. ಮೊದಲು ಕೂಸಿನ ಮುಷ್ಟಿ ಸಡಿಲವಾಯಿತು. ಐದು ಬೆರಳು ಅವನ ಎದೆಯ ಮೇಲೆ ಹರಡಿಕೊಂಡವು. ಆಮೇಲೆ ಅವನ ಭುಜ ಇಳಿಯಿತು. ಇದನ್ನು ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ, ಯಾವಾಗಲೂ ಇದೇ ಕ್ರಮ. ಮೊದಲು ಕೂಸು, ಆಮೇಲೆ ದೊಡ್ಡವರು. ಪರದೆಯಲ್ಲಿ ಎದೆಬಡಿತ ಒಂದೇ ಸಮ ಆಯಿತು. ಅವನು ಪಿಸುಗುಟ್ಟಿದ: "ಸಿಸ್ಟರ್, ನನ್ನ ಕುತ್ಗಿಗೆ ಇದರ ಉಸಿರು ಹತ್ತಾಕತ್ತೈತ್ರಿ."

ತಾಸು ಆಯಿತು, ಕೂಸು ತೆಗೆದುಕೊಳ್ಳೋಕೆ ಹೋದೆ. ಕೊಡಲಿಲ್ಲ. "ಇನ್ನೊಂದೀಟು ಇರ್ಲಿ ಬಿಡ್ರಿ." ಎರಡು ತಾಸಾಯಿತು. ಅವನ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದರು.

ಆಮೇಲೆ ಹೊರಗೆ ಚಹಾ ಕುಡಿಯುವಾಗ ಅವನು ಹೇಳಿದ ಮಾತು ಕೇಳಿ. ಅಪ್ಪ ತೀರಿಕೊಂಡಾಗ ಇವನಿಗೆ ಹದಿಮೂರೋ ಹದಿನಾಲ್ಕೋ. ಆವತ್ತಿನಿಂದ ದುಡಿತ. "ಎಲ್ಲೆ ಕುಂತ್ರೂ ಯಾರರ ಒಬ್ರು ಏಳಪಾ ಅಂತಾರ್ರಿ. ಇವತ್ತ ಯಾರೂ ಏಳು ಅನ್ಲಿಲ್ಲ."

ಮರುದಿನ ಮಾರುಕಟ್ಟೆ ಮುಗಿಸಿ ರಾತ್ರಿ ಬಂದ. ಸ್ನಾನ ಮಾಡಿಕೊಂಡೇ ಬಂದಿದ್ದ, ಎಣ್ಣೆ ಹಚ್ಚಿ ತಲೆ ಬಾಚಿದ್ದ. ಅದರ ಮರುದಿನ ಅವನ ಜೊತೆಯ ಹಮಾಲರು ನಾಲ್ಕು ಜನ ಕಿಟಕಿಯ ಹೊರಗೆ. "ಏನ್ ಮಾಡಾಕತ್ತಾನ್ರಿ ಇವ?" ಅಂತ ಕೇಳಿದರು. "ಕೆಲಸ ಮಾಡ್ತಿದ್ದಾನೆ" ಅಂದೆ. ಗೆಳೆಯರು ನೋಡುತ್ತಿದ್ದಾರೆ ಅಂತ ಇವನಿಗೆ ಮೊದಲು ಮುಜುಗರ, ಆಮೇಲೆ ಹೆಮ್ಮೆ. ಕೊನೆಗೆ ಅತ್ತೆಯೂ ಬಂದು ಕೇಳಿದರು: "ಹಗಲೊತ್ತು ಅವ ಇರಂಗಿಲ್ಲ, ನಾ ಕೂತ್ರ ನಡೀತೈತೇನ್ರೀ?" ನಡೆಯದೆ ಏನು! ಅಜ್ಜಿಯ ಎದೆಯೂ ಬೆಚ್ಚಗೇ ಇರುತ್ತದೆ. ಆಕೆ ಕೂತರೆ ಮಧ್ಯಾಹ್ನದ ಊಟಕ್ಕೂ ಏಳುತ್ತಿರಲಿಲ್ಲ. ಮಗಳು ಐಸಿಯುದಲ್ಲಿ, ತಾಯಿಗೆ ಎಷ್ಟು ಸಂಕಟ ಇರಬೇಡ? ಕೂಸು ಎದೆಯ ಮೇಲೆ ಇದ್ದಷ್ಟು ಹೊತ್ತು ಮಾತ್ರ ತನಗೆ ಮಗಳು ಬದುಕುತ್ತಾಳೆ ಅನ್ನಿಸುತ್ತದೆ ಅಂದರು.

ಮಗಳು ಬದುಕಿದಳು. ಎಂಟು ಹತ್ತು ದಿನದ ಮೇಲೆ ಗಾಲಿಕುರ್ಚಿಯಲ್ಲಿ ಕರೆತಂದರು. ಅವಳಿಗೆ ಒಂದೇ ಭಯ, ಕೂಸಿಗೆ ನನ್ನ ಗುರುತು ಹತ್ತುತ್ತದೋ ಇಲ್ಲವೋ. ನಾನು ಹೇಳಿದೆ, ಮುಖದ ಗುರುತು ಇಲ್ಲದಿದ್ದರೂ ದನಿಯ ಗುರುತು ಇರುತ್ತದೆ, ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿದೆಯಲ್ಲ. ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಅನ್ನುವ ಅಮೆರಿಕದ ಇಬ್ಬರು ಸಂಶೋಧಕರು, ಹುಟ್ಟಿ ಮೂರು ದಿನ ಆಗದ ಕೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟು ನೋಡಿದ್ದರು. ಒಂದು ರೀತಿ ಚೀಪಿದರೆ ತಾಯಿಯ ದನಿ, ಇನ್ನೊಂದು ರೀತಿ ಚೀಪಿದರೆ ಬೇರೆ ಹೆಂಗಸಿನ ದನಿ ಕೇಳಿಸುತ್ತಿತ್ತು. ಕೂಸುಗಳು ತಾಯಿಯ ದನಿ ಬರುವ ಹಾಗೆ ಚೀಪಿದವು. ಆ ಹುಡುಗಿ ಕೂಸನ್ನು ಎದೆಗೆ ಹಾಕಿಕೊಂಡು "ಅವ್ವಾ" ಅಂದಳು. ಕೂಸು ಹಣೆ ಗಂಟಿಕ್ಕಿ ಕಣ್ಣು ತೆರೆಯಿತು. ಅಷ್ಟು ಸಾಕಾಯಿತು ಅವಳಿಗೆ. ಎರಡು ಕಿಲೋ ದಾಟಿದ ಮೇಲೆ ಮನೆಗೆ ಹೋದರು.

ನನಗೆ ಕೊಟ್ಟ ಸಮಯದಲ್ಲಿ ಅರ್ಧ ಇಲ್ಲೇ ಮುಗಿಯಿತು. ಆದರೆ ಇದನ್ನು ಚಿಕ್ಕದಾಗಿ ಹೇಳೋಕೆ ನನಗೆ ಬರುವುದಿಲ್ಲ.

ಇದು ಬರೀ ನನ್ನ ಕಣ್ಣಿಗೆ ಕಂಡ ಮಾತು ಅಂತ ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿತು. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ನಮ್ಮ ಭಾರತ. ನಮ್ಮಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. 1 ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳು. ಮೊದಲಿನ ಪದ್ಧತಿಯಲ್ಲಿ ಕೂಸು ಸ್ಥಿರವಾಗುವ ತನಕ ಕಾಯುತ್ತಿದ್ದರು. ಇಲ್ಲಿ ಒಂದು ಗುಂಪಿಗೆ ಹುಟ್ಟಿದ ಕೂಡಲೇ ಎದೆಯ ಆರೈಕೆ ಶುರು ಮಾಡಿದರು. ಮೊದಲ 28 ದಿನದಲ್ಲಿ, ಕಾದ ಗುಂಪಿನಲ್ಲಿ ನೂರಕ್ಕೆ 15.7 ಕೂಸು ತೀರಿಕೊಂಡವು, ಕೂಡಲೇ ಶುರು ಮಾಡಿದ ಗುಂಪಿನಲ್ಲಿ 12. ಲಾಭ ಅಷ್ಟು ಸ್ಪಷ್ಟವಾಗಿ ಕಂಡಿದ್ದರಿಂದ ಅಧ್ಯಯನವನ್ನು ಅವಧಿಗೆ ಮುಂಚೆ ನಿಲ್ಲಿಸಿದರು. 2021ರಲ್ಲಿ ಪ್ರಕಟವಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನೇ ಬದಲಿಸಿತು. ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8ರಿಂದ 24 ತಾಸು, ಎಷ್ಟು ಆಗುತ್ತದೋ ಅಷ್ಟು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇಡೀ ಜಿಲ್ಲೆಗೆ ಈ ಆರೈಕೆಯನ್ನು ಮುಟ್ಟಿಸುವುದು ಹೇಗೆ ಅಂತ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದ ಜೊತೆ ಸೇರಿ ಕೆಲಸ ಮಾಡಿದೆ. ಹೆಮ್ಮೆಪಡುವ ಕೆಲಸ ಅದು.

ನೂರಕ್ಕೆ ಸುಮಾರು ಮೂರುಮುಕ್ಕಾಲು ಕೂಸನ್ನು ಉಳಿಸಿದ್ದು ಏನು? ಯಾವ ಹೊಸ ಔಷಧವೂ ಅಲ್ಲ. ಒಬ್ಬರು ಎಲ್ಲೂ ಏಳದೆ ಕೂತರು, ಅಷ್ಟೇ. ಅದಕ್ಕೇ ಹೇಳಿದ್ದು, ಸುಮ್ಮನೆ ಕೂಡುವುದು ಕೆಲಸ ಅಂತ.

ಇನ್ನು ಕೂತವರ ಕಡೆಗೆ ಬರುತ್ತೇನೆ. ನಿಮಗೆ ಸಂಬಂಧಪಟ್ಟದ್ದು ಇದೇ.

ಹರಿಯಾಣದಲ್ಲಿ ಮನೆಯಲ್ಲೇ ಈ ಆರೈಕೆ ಶುರು ಮಾಡಿಸಿ ನೋಡಿದರು. ಕೂಸುಗಳು ಹೆಚ್ಚು ಬದುಕಿದವು. ತಾಯಂದಿರನ್ನೂ ಕೇಳಿದಾಗ, ಬಾಣಂತನದ ಖಿನ್ನತೆ ಆರೈಕೆ ಮಾಡಿದವರಲ್ಲಿ ಕಡಿಮೆ ಕಂಡಿತು. ಮೈಗೆ ಮೈ ತಾಗಿದಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಏರುತ್ತದೆ. ಹಾಲು ಇಳಿಯೋಕೆ ಬೇಕಾದದ್ದೂ ಅದೇ, ಮನಸ್ಸು ಸಮಾಧಾನವಾಗೋಕೆ ನೆರವಾಗುವುದೂ ಅದೇ. ಅಪ್ಪಂದಿರಲ್ಲೂ ಏರುತ್ತದೆ.

ಆರೋಗ್ಯವಾಗಿ, ತಿಂಗಳು ತುಂಬಿ ಹುಟ್ಟಿದ ಕೂಸಿಗೂ ಇದು ಅನ್ವಯಿಸುತ್ತದೆ. ಬಟ್ಟೆ ಕಟ್ಟಿಕೊಳ್ಳಲೇಬೇಕೆಂದಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೂತರೂ ಆಯಿತು. ಹುಟ್ಟಿದ ಹೊಸತರಲ್ಲಿ ಅದಕ್ಕೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ. ಮೊಲೆ ಕುಡಿಯುವಾಗ ತಾಯಿಯ ಮುಖ ಎಷ್ಟು ದೂರವೋ ಅಷ್ಟು. ಅದರಾಚೆಗಿನ ಜಗತ್ತೆಲ್ಲ ಮಸುಕು. ನಿಮ್ಮ ಮನೆ, ನಿಮ್ಮ ಕಾರು, ನೀವು ತಂದ ಬೆಳ್ಳಿ ಗಿಲಕಿ ಯಾವುದೂ ಅದಕ್ಕೆ ಕಾಣುವುದಿಲ್ಲ. ಕಾಣುವುದು ನಿಮ್ಮ ಮುಖ ಒಂದೇ.

ಈ ಊರಿನಲ್ಲಿ ಅಮೆರಿಕಕ್ಕೆ ಬಾಣಂತನಕ್ಕೆ ಹೋಗಿಬಂದವರು ಎಷ್ಟು ಜನ? ಕೈ ಎತ್ತಿ. ನೋಡಿ, ಅರ್ಧ ಸಭೆ! ಆರು ತಿಂಗಳು ಇರೋಕೆ ಬಿಡುತ್ತಾರೆ, ಬೀಗರು ಬೀಗತಿಯರು ಸರದಿ ಹಾಕಿಕೊಂಡು ಹೋಗುತ್ತೀರಿ. ಅಜ್ಜಿಗೆ ಕೈತುಂಬ ಕೆಲಸ. ಅಜ್ಜನಿಗೆ? ಅಜ್ಜನಿಗೆ ಕಾರು ಓಡಿಸೋಕೆ ಬರುವುದಿಲ್ಲ, ಹೊರಗೆ ಹೋದರೆ ಬೀದಿಯಲ್ಲಿ ಮನುಷ್ಯರಿಲ್ಲ, ಟಿವಿಯಲ್ಲಿ ಮಾತು ತಿಳಿಯುವುದಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದ ಒಬ್ಬರು ನನಗೆ ಹೇಳಿದ್ದು ಇದು. ಇಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ. ಡಲ್ಲಾಸ್ ಹತ್ತಿರ ಮಗನ ಮನೆ. ಮೊದಲ ತಿಂಗಳು ದಿನ ಎಣಿಸುತ್ತಿದ್ದರಂತೆ. ಒಂದು ಮಧ್ಯಾಹ್ನ ಸೊಸೆಗೆ ಮೀಟಿಂಗು, ಹೆಂಡತಿಗೆ ತಲೆನೋವು, ಕೂಸನ್ನು ಇವರ ಎದೆಯ ಮೇಲೆ ಹಾಕಿ ಹೋದರು. ಅದು ನಿದ್ದೆ ಹೋಯಿತು. ಅಲುಗಾಡಿದರೆ ಏಳುತ್ತದೆ ಅಂತ ಇವರು ಕದಲಲಿಲ್ಲ. ಕನ್ನಡಕ ದೂರ, ಫೋನು ದೂರ. "ಸಿಸ್ಟರ್, ನಿವೃತ್ತಿಯಾದ ದಿನದಿಂದ ನಾನು ಯಾರಿಗೂ ಬೇಡ ಅನ್ನುವ ಒಂದು ಕೊರಗು ಇತ್ತು. ಅದು ಆ ಮಧ್ಯಾಹ್ನ ನೆನಪಿಗೇ ಬರಲಿಲ್ಲ" ಅಂದರು. ಆಮೇಲೆ ಆ ಹೊತ್ತು ಅವರದೇ ಆಯಿತು. ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲವಂತೆ.

ಯಾಕೆ ಹೀಗಾಗುತ್ತದೆ? ನನಗೆ ಅನ್ನಿಸುವುದು ಇಷ್ಟು. ವಯಸ್ಸಾದಂತೆ ನಮ್ಮನ್ನು ಎಲ್ಲರೂ ನೆನಪಿನಿಂದ ಅಳೆಯುತ್ತಾರೆ. ಹೇಳಿದ್ದು ಮರೆತರಾ, ಮಾತ್ರೆ ತೆಗೆದುಕೊಂಡರಾ, ಅದೇ ಕಥೆ ಮತ್ತೆ ಹೇಳಿದರಾ. ಕೂಸಿಗೆ ಇದೊಂದೂ ಬೇಡ. ಅದೇ ಜೋಗುಳವನ್ನು ನೂರು ಸಲ ಹಾಡಿದರೂ ಅದಕ್ಕೆ ಬೇಜಾರಿಲ್ಲ. ಬೇಕಾದದ್ದು ಬಿಸಿ, ವಾಸನೆ, ದನಿ, ಸಮನಾದ ಉಸಿರು. ಎಪ್ಪತ್ತೈದನೇ ವಯಸ್ಸಿನಲ್ಲಿ ಇವೆಲ್ಲ ನಮ್ಮ ಹತ್ತಿರ ಪೂರ್ತಿ ಇವೆ. ನಮ್ಮಲ್ಲಿ ಇನ್ನೂ ಉಳಿದಿರುವುದನ್ನೇ ಅದು ಕೇಳುತ್ತದೆ. ಕೊಡೋಕೆ ಆಗುತ್ತದೆ ಅನ್ನುವುದೇ ದೊಡ್ಡ ನೆಮ್ಮದಿ ಅಲ್ವಾ?

ಅಳುವ ಕೂಸಿನ ಜೊತೆ ಏನು ಮಾಡಬೇಕು ಅಂತ ಕೇಳುತ್ತೀರಿ. ಮೊದಲು ಹಸಿವಾ, ಒದ್ದೆಯಾ, ಜ್ವರವಾ ನೋಡಿ. ಯಾವುದೂ ಅಲ್ಲದಿದ್ದರೆ ಎತ್ತಿಕೊಂಡು ನಡೆಯಿರಿ. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ಅವರ ತಂಡ 2022ರಲ್ಲಿ ಇದನ್ನು ಅಳೆದು ನೋಡಿತು. ಸಣ್ಣ ಅಧ್ಯಯನ, 21 ಕೂಸುಗಳು. ಐದು ನಿಮಿಷ ಒಂದೇ ಸಮನೆ ನಡೆದರೆ ಅಳು ನಿಲ್ಲುತ್ತದೆ, ಎಷ್ಟೋ ಕೂಸು ನಿದ್ದೆ ಹೋಗುತ್ತದೆ. ಆದರೆ ಕೂಡಲೇ ಮಲಗಿಸಿದರೆ ಎಚ್ಚರಾಗುತ್ತದೆ. ಇನ್ನೂ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂಡಬೇಕು, ಆಮೇಲೆ ಮಲಗಿಸಬೇಕು. ನಮ್ಮ ಅಜ್ಜಿಯರು ಗಡಿಯಾರ ಇಲ್ಲದೆ ಇದನ್ನೇ ಮಾಡುತ್ತಿದ್ದರು. ಇಲ್ಲೂ ನೋಡಿ, ನಡೆದದ್ದು ಎಷ್ಟು ಮುಖ್ಯವೋ ಆಮೇಲೆ ಸುಮ್ಮನೆ ಕೂತದ್ದೂ ಅಷ್ಟೇ ಮುಖ್ಯ.

ಫೋನಿನ ವಿಷಯ. ಎಡ್ವರ್ಡ್ ಟ್ರಾನಿಕ್ ಅನ್ನುವ ಮನೋವಿಜ್ಞಾನಿ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ತಾಯಿ ಕೂಸಿನ ಜೊತೆ ಆಡುತ್ತಾ ಇರುತ್ತಾಳೆ, ಇದ್ದಕ್ಕಿದ್ದಂತೆ ಮುಖವನ್ನು ಕಲ್ಲು ಮಾಡಿಕೊಳ್ಳುತ್ತಾಳೆ. ನಗುವಿಲ್ಲ, ಉತ್ತರವಿಲ್ಲ. ಕೂಸು ಮೊದಲು ನಗಿಸೋಕೆ ನೋಡುತ್ತದೆ, ಕೈ ಚಾಚುತ್ತದೆ, ಆಮೇಲೆ ಮುಖ ತಿರುಗಿಸಿ ಅಳುತ್ತದೆ. ಕೂಸು ತೊಡೆಯ ಮೇಲೆ, ಕಣ್ಣು ಫೋನಿನ ಮೇಲೆ ಇದ್ದಾಗ ನಮ್ಮ ಮುಖ ಹೇಗಿರುತ್ತದೆ, ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ. ನಾನು ಹೇಳುವ ಮೌನ ಆ ಮೌನ ಅಲ್ಲ. ಬಾಯಿ ಸುಮ್ಮನಿರಲಿ, ಮುಖ ಮಾತಾಡುತ್ತಿರಲಿ. ಕೂಸಿನ ಕೈಗೆ ಫೋನು ಕೊಡುವುದಂತೂ ಬೇಡವೇ ಬೇಡ. ಎರಡು ವರ್ಷದ ತನಕ ಪರದೆ ಬೇಡ ಅಂತ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ಹೇಳುತ್ತದೆ. ದೂರದ ಊರಿನ ಅಜ್ಜ ಅಜ್ಜಿ ಆಗೀಗ ವಿಡಿಯೋ ಕಾಲ್ ಮಾಡಿದರೆ ಪರವಾಗಿಲ್ಲ, ಅಷ್ಟು ಸಡಿಲ ಕೊಟ್ಟಿದ್ದಾರೆ. ಗಾಬರಿಯಾಗಬೇಡಿ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ. ಇನ್ನೂ ನಾಲ್ಕು ವಿಷಯ ಇಟ್ಟುಕೊಂಡಿದ್ದೆ, ಓಡಿಸಿಕೊಂಡು ಹೇಳುತ್ತೇನೆ.

ತಾಯಂದಿರ ಬಗ್ಗೆ. ಕೂಸಿನ ಜೊತೆ ಕೂತರೆ ನೆಮ್ಮದಿ ಅಂತ ನಾನು ಹೇಳುವಾಗ, ರಾತ್ರಿಯಿಡೀ ಎದ್ದಿರುವ ಬಾಣಂತಿಗೆ ಆ ಮಾತು ಚುಚ್ಚಬಹುದು. ಅವಳಿಗೆ ಆಗ ಬೇಕಾದದ್ದು ನಿದ್ದೆ. "ಕೂಸಿನ ಮುಖ ನೋಡಿದರೆ ಸುಸ್ತೆಲ್ಲ ಹೋಗುತ್ತೆ" ಅಂತ ಅವಳಿಗೆ ದಯವಿಟ್ಟು ಹೇಳಬೇಡಿ. ಕೂಸನ್ನು ನೀವು ಎತ್ತಿಕೊಳ್ಳಿ, ಅವಳು ಮಲಗಲಿ. ಹೆರಿಗೆಯ ಮೊದಲ ದಿನಗಳಲ್ಲಿ ಕಾರಣ ಇಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ಅಳು, ಭಯ, ಕೂಸು ಬೇಡ ಅನ್ನಿಸುವುದು ಹೋಗದಿದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416, ಬರೆದುಕೊಳ್ಳಿ, ಕನ್ನಡದಲ್ಲಿ ಮಾತಾಡುತ್ತಾರೆ.

ಕಾನೂನಿನ ಬಗ್ಗೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಇದೆ. ಹತ್ತು ಜನ ಅಥವಾ ಜಾಸ್ತಿ ಕೆಲಸಗಾರರಿರುವ ಕಡೆ. ಸರ್ಕಾರಿ ನೌಕರಿಯಲ್ಲಿರುವ ಅಪ್ಪನಿಗೆ 15 ದಿನ. ಮೆಣಸಿನಕಾಯಿ ಚೀಲ ಹೊರುವ ಅಪ್ಪನಿಗೆ? ಸೊನ್ನೆ. ಅವನ ಹೆಂಡತಿ ಅದೇ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವವಳಾದರೆ ಅವಳಿಗೂ ಬಹುಪಾಲು ಸೊನ್ನೆಯೇ. ನರೇಗಾದಲ್ಲಿ ದುಡಿಯುವ ತಾಯಂದಿರ ಮಕ್ಕಳಿಗೆ ಅಂತ ನಮ್ಮ ಸರ್ಕಾರ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಶುರು ಮಾಡಿದೆ. ಒಳ್ಳೆಯದು. ಆದರೆ ಮೊದಲ ತಿಂಗಳುಗಳಲ್ಲಿ ಅಪ್ಪ ಅಮ್ಮನೇ ಕೂಸಿನ ಜೊತೆ ಕೂಡೋಕೆ ಕೂಲಿ ಕಳೆದುಕೊಳ್ಳಬೇಕಾಗುತ್ತದೆ. ಕೂಡುವುದನ್ನು ಕೆಲಸ ಅಂತ ಒಪ್ಪಿದರೆ ಅದಕ್ಕೆ ಕೂಲಿಯನ್ನೂ ಒಪ್ಪಬೇಕು. ಇದರ ಬಗ್ಗೆ ಇನ್ನೊಂದು ದಿನ ಬೇಕಾದರೆ ಪೂರ್ತಿ ಮಾತಾಡುತ್ತೇನೆ.

ಎಚ್ಚರಿಕೆ ಒಂದು, ಇದನ್ನು ಬಿಡುವ ಹಾಗಿಲ್ಲ. ಎದೆಯ ಮೇಲೆ ಕೂಸು ಇದ್ದಾಗ ನಿಮಗೆ ತೂಕಡಿಕೆ ಬಂದರೆ ಎಚ್ಚರ ಇರುವ ಬೇರೆಯವರಿಗೆ ಕೊಡಿ. ಇಲ್ಲದಿದ್ದರೆ ಬೆನ್ನ ಮೇಲೆ ಮಾಡಿ ತೊಟ್ಟಿಲಲ್ಲಿ ಮಲಗಿಸಿ. ಸೋಫಾದಲ್ಲಿ, ಆರಾಮ ಕುರ್ಚಿಯಲ್ಲಿ ಕೂಸಿನ ಜೊತೆ ನಿದ್ದೆ ಹೋಗುವುದು ಅಪಾಯ. ಜಾರಬಹುದು, ಉಸಿರು ಕಟ್ಟಬಹುದು. ಕೆಮ್ಮು ನೆಗಡಿ ಇದ್ದವರು ದೂರ ಇರಿ. ಬೀಡಿ ಸಿಗರೇಟು ಸೇದುವವರು... ನಿಮಗೇ ಗೊತ್ತು.

ತೊಟ್ಟಿಲ ಕಾರ್ಯದ ದಿನ ಧ್ವನಿವರ್ಧಕ ಹಚ್ಚುವುದರ ಬಗ್ಗೆ ಹೇಳಬೇಕಿತ್ತು. ಬಿಡಿ, ಅರ್ಥವಾಗಿದೆ ಅಂದುಕೊಳ್ಳುತ್ತೇನೆ.

ಅಧ್ಯಕ್ಷರು ಎದ್ದು ನಿಂತಿದ್ದಾರೆ. ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಬೀದಿಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸ ಕೂಸು ಇರುವ ಮನೆ ಇದ್ದೇ ಇರುತ್ತದೆ. ಹೆಚ್ಚು ಕಡಿಮೆ ಅವರಿಬ್ಬರೇ ಇರುತ್ತಾರೆ, ಊರಿನಿಂದ ಯಾರೂ ಬಂದಿರುವುದಿಲ್ಲ. ಪರಿಚಯ ಮಾಡಿಕೊಳ್ಳಿ. "ಮಧ್ಯಾಹ್ನ ಒಂದು ತಾಸು ನಾನು ಕೂಸಿನ ಹತ್ತಿರ ಕೂಡ್ತೀನಿ, ನೀನು ಸ್ನಾನ ಮಾಡು, ಮಲಗು" ಅಂತ ಆ ತಾಯಿಗೆ ಹೇಳಿ. ಸಲಹೆ ಕೊಡಬೇಡಿ, ಕೈ ತೊಳೆದುಕೊಂಡು ಹೋಗಿ.

ಎರಡೂವರೆ ಮೀಟರಿನ ಕಾಟನ್ ಬಟ್ಟೆ ಮತ್ತು ಅಭ್ಯಾಸದ ಗೊಂಬೆ ತಂದಿದ್ದೇನೆ. ಕಟ್ಟುವುದನ್ನು ಕಲಿಯುವವರು ಚಹಾ ಆದ ಮೇಲೆ ಎಡಗಡೆಯ ಕೋಣೆಗೆ ಬನ್ನಿ. ಗಂಡಸರು ಮೊದಲು ಬನ್ನಿ, ನಿಮಗೆ ಕಲಿಸೋಕೆ ಸ್ವಲ್ಪ ಹೊತ್ತು ಜಾಸ್ತಿ ಬೇಕು.

ನಮಸ್ಕಾರ.